ತಗಡಿನ ಮೇಲಿನ ಅಂಕಿ: ಹಳೆಯ ಯುದ್ಧವಿಮಾನಗಳ ಬಗ್ಗೆ ಓದುಗರ ಪ್ರಶ್ನೆಗಳು

ಹಳೆಯ ಸೇನಾ ವಿಮಾನಗಳ ಗುರುತು ಹಿಡಿಯುವ ಬಗ್ಗೆ ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ತುಸು ಉದ್ದವಾಗಿದೆ. ಉಳಿದ ಮೂವರೂ ಅದನ್ನು ಓದಿಯೇ ತಮ್ಮ ಉತ್ತರಕ್ಕೆ ಬರಬೇಕೆಂದು ಕೋರುತ್ತೇನೆ.

ಪ್ರಶ್ನೆ: ಮಾನ್ಯರೇ, ನಮ್ಮದು ಕೋಲಾರಕ್ಕೆ ಹತ್ತಿರದ ಹಳ್ಳಿ. ಹಳೆಯ ಮನೆಯ ಬಚ್ಚಲಲ್ಲಿ ನೀರೊಲೆಯ ಸೌದೆಗೆ ನೀರು ಸಿಡಿಯದಂತೆ ನಮ್ಮ ತಾತ ಅಡ್ಡ ಇಟ್ಟಿದ್ದ ಒಂದು ತಗಡು ಇದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲವಿದ್ದರೂ ಒಂದು ಕೈಯಲ್ಲಿ ಎತ್ತುವಷ್ಟು ಹಗುರ. ಅಂಚಿನುದ್ದಕ್ಕೂ ರಿವಿಟ್ಟುಗಳ ಸಾಲು. ಒಳಮೈಗೆ ಹಳದಿ ಬೆರೆತ ಹಸಿರು ಬಣ್ಣ. ಒಂದು ಮೂಲೆಯಲ್ಲಿ 32 ಎಂದು ಶುರುವಾಗುವ ಅಂಕಿ ಒತ್ತಿದಂತಿದೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನು ಜೊತೆಗೆ ಇಟ್ಟಿದ್ದೇನೆ. ಯುದ್ಧದ ಕಾಲದಲ್ಲಿ ಕೋಲಾರದಲ್ಲಿ ಇಳಿಯುತ್ತಿದ್ದ ನಾಲ್ಕು ಎಂಜಿನ್ನಿನ ವಿಮಾನದ ತುಂಡು ಇದು ಎಂದು ತಾತ ಹೇಳುತ್ತಿದ್ದರು. ಈಗ ಮನೆ ಕೆಡವಿ ಕಟ್ಟಿಸುತ್ತಿದ್ದೇವೆ, ಗುಜರಿಯವರು ತೂಕಕ್ಕೆ ಕೇಳುತ್ತಿದ್ದಾರೆ. ಇದು ಯಾವ ವಿಮಾನದ್ದು, ಆ ವಿಮಾನ ಕೊನೆಗೆ ಏನಾಯಿತು ಎಂದು ತಿಳಿಯುವ ದಾರಿ ಇದೆಯೇ?
— ನಿವೃತ್ತ ಶಿಕ್ಷಕರು, ಕೋಲಾರ ತಾಲ್ಲೂಕು

ಉತ್ತರ: ತಗಡನ್ನು ಗುಜರಿಗೆ ಹಾಕಬೇಡಿ, ಹೊಳಪು ಬರಲೆಂದು ಹುಣಸೆಹಣ್ಣಿನಿಂದಾಗಲಿ ಉಪ್ಪುಕಾಗದದಿಂದಾಗಲಿ ಉಜ್ಜಲೂ ಬೇಡಿ. ಆ ಬಣ್ಣ, ಆ ರಿವಿಟ್ಟು, ಆ ಅಂಕಿ ಇವೇ ನಮಗಿರುವ ಸಾಕ್ಷಿ. ಇನ್ನೊಂದು ಕಾರಣವೂ ಇದೆ. ಹಳದಿ ಬೆರೆತ ಹಸಿರು ಎಂದು ನೀವು ವರ್ಣಿಸಿದ್ದು ಅಮೆರಿಕದ ವಿಮಾನಗಳ ಒಳಮೈಗೆ ಲೋಹ ಕೊರೆದುಹೋಗದಂತೆ ಬಳಿಯುತ್ತಿದ್ದ ಜಿಂಕ್ ಕ್ರೋಮೇಟ್ ಎಂಬ ಲೇಪದ ಬಣ್ಣ. ಅದನ್ನು ಉಜ್ಜಿದಾಗ ಏಳುವ ಪುಡಿ ಶ್ವಾಸಕೋಶಕ್ಕೆ ವಿಷ. ಪೆನ್ಸಿಲ್ ಅಚ್ಚು ತೆಗೆದಿದ್ದೀರಲ್ಲ, ಅದು ಸರಿಯಾದ ಕ್ರಮ. ಫೋಟೋದಲ್ಲಿ ಕಾಣದ ಸವೆದ ಅಂಕಿಯೂ ಹಾಗೆ ತೆಗೆದಾಗ ಎದ್ದು ಬರುತ್ತದೆ.

ತಾತನವರ ನೆನಪು ಸರಿಯಾಗಿಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಕೋಲಾರದಲ್ಲಿ ಒಂದು ವಿಮಾನ ನಿಲ್ದಾಣ ಇಟ್ಟುಕೊಂಡಿತ್ತು. ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್ ಹಾರಿಸುವವರಿಗೆ ತರಬೇತಿ ಕೊಡುವ 1673ನೇ ಘಟಕ ಅಲ್ಲಿತ್ತು, ಮತ್ತು 1944ರ ನವೆಂಬರಿನಲ್ಲಿ ಆ ಘಟಕದಿಂದಲೇ 358ನೇ ಸ್ಕ್ವಾಡ್ರನ್, ಎಂದರೆ ವಿಮಾನದಳ, ಕೋಲಾರದಲ್ಲಿ ಹುಟ್ಟಿತು. ಮರುವರ್ಷದ ಆರಂಭದಲ್ಲಿ ಅದು ಬಂಗಾಳಕ್ಕೆ ಹೋಗಿ, ಜೆಸ್ಸೋರಿನಿಂದ ಹಾರಿ ಬರ್ಮಾ, ಸಯಾಂ, ಇಂಡೋಚೀನಾಗಳಲ್ಲಿ ಶತ್ರುವಿನ ಬೆನ್ನ ಹಿಂದೆ ಗೂಢಚಾರರನ್ನೂ ಸಾಮಗ್ರಿಯನ್ನೂ ಇಳಿಸುವ ಕೆಲಸ ಮಾಡಿತು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ ಇದ್ದ ಆ ವಿಮಾನ ರಾಗಿ ಹೊಲದ ಮೇಲೆ ತಗ್ಗಾಗಿ ಹಾದುಹೋದರೆ ಅದನ್ನು ಕಂಡ ಹುಡುಗ ಮುದುಕನಾದರೂ ಮರೆಯುವುದಿಲ್ಲ.

ನೆನಪು ಸರಿಯಾಗಿದ್ದ ಮಾತ್ರಕ್ಕೆ ತಗಡೂ ಅದೇ ವಿಮಾನದ್ದು ಎಂದು ಹೇಳಿಬಿಡುವಂತಿಲ್ಲ. ಇಲ್ಲಿ ನಿಮ್ಮ ನೆರವಿಗೆ ಬರುವುದು 32 ಎಂಬ ಅಂಕಿ. ಲಿಬರೇಟರ್ ವಿನ್ಯಾಸಗೊಳಿಸಿದ ಕನ್ಸಾಲಿಡೇಟೆಡ್ ಕಂಪನಿಯ ಲೆಕ್ಕದಲ್ಲಿ ಅದು ಮೂವತ್ತೆರಡನೆಯ ಮಾದರಿ, ಹಾಗಾಗಿ ಅದರ ಬಿಡಿಭಾಗಗಳ ಸಂಖ್ಯೆ ಸಾಮಾನ್ಯವಾಗಿ 32ರಿಂದ ಶುರುವಾಗುತ್ತದೆ. ಅದೇ ಕಂಪನಿಯ ಕ್ಯಾಟಲೀನಾ ಎಂಬ, ನೀರಿನ ಮೇಲೆ ಇಳಿಯುವ ವಿಮಾನ ಇಪ್ಪತ್ತೆಂಟನೆಯ ಮಾದರಿ, ಅದರ ಭಾಗಗಳದು 28. ಈ ವ್ಯತ್ಯಾಸ ನಮ್ಮ ಕಡೆಯವರಿಗೆ ಮುಖ್ಯ. ಏಕೆಂದರೆ ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ಸೇನೆ ನಡೆಸುತ್ತಿದ್ದಾಗ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಗೆ ಇಳಿದು ದುರಸ್ತಿಗೆ ಬರುತ್ತಿದ್ದವು. ಅವುಗಳ ತಗಡಿಗೂ ಇಂಥದೇ ಬಣ್ಣ, ಇಂಥದೇ ರಿವಿಟ್ಟು. ಎಂಜಿನ್ನಿನ ಫಲಕ ಸಿಕ್ಕವರಂತೂ ಇನ್ನೂ ಸುಲಭವಾಗಿ ಎಡವುತ್ತಾರೆ. ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಆರ್-1830 ಎಂಬ ಎಂಜಿನ್ ಲಿಬರೇಟರಿಗೂ ಇತ್ತು, ಕ್ಯಾಟಲೀನಾಕ್ಕೂ ಇತ್ತು, ಡಕೋಟಾ ಎಂಬ ಸಾಗಣೆ ವಿಮಾನಕ್ಕೂ ಇತ್ತು. ಆ ಸಂಖ್ಯೆಯ ಮುಂದಿನ ಅಡ್ಡಗೆರೆಯ ಆಚೆ 43 ಅಥವಾ 65 ಇದ್ದರೆ ಲಿಬರೇಟರ್ ಕಡೆಗೂ, 92 ಇದ್ದರೆ ಉಳಿದೆರಡರ ಕಡೆಗೂ ನೋಡಬೇಕು. ನಿಮ್ಮ ಅಚ್ಚಿನಲ್ಲಿ 32 ಸ್ಪಷ್ಟವಾಗಿದೆ, ತಗಡು ಅಮೆರಿಕದ ಬಣ್ಣದ್ದು, ಊರು ಕೋಲಾರ. ಮೂರೂ ಒಂದೇ ಕಡೆ ಬೆರಳು ತೋರಿಸುವುದರಿಂದ ಲಿಬರೇಟರ್ ಎಂದು ಧೈರ್ಯವಾಗಿ ಹೇಳುತ್ತೇನೆ.

ಯಾವ ಬಗೆಯ ವಿಮಾನ ಎಂಬುದಕ್ಕೆ ಇದು ಉತ್ತರವಾಯಿತು. ಯಾವ ವಿಮಾನ ಎಂಬುದು ಬೇರೆಯೇ ಪ್ರಶ್ನೆ. ಟ್ರ್ಯಾಕ್ಟರಿನ ಒಂದು ಬಿಡಿಭಾಗ ತಂದು, ಅದರ ಮೇಲಿನ ಸಂಖ್ಯೆ ಹಿಡಿದು ಮಾಲೀಕರು ಯಾರೆಂದು ಕೇಳಿದರೆ ಅಂಗಡಿಯವರು ನಗುತ್ತಾರೆ, ಏಕೆಂದರೆ ಆ ಸಂಖ್ಯೆ ಆ ಮಾದರಿಯ ಎಲ್ಲ ಟ್ರ್ಯಾಕ್ಟರಿಗೂ ಒಂದೇ. ಮಾಲೀಕರನ್ನು ಹುಡುಕಲು ಚಾಸಿ ನಂಬರ್ ಬೇಕು. ಲಿಬರೇಟರುಗಳು ಅಮೆರಿಕದ ಐದು ಕಾರ್ಖಾನೆಗಳಲ್ಲಿ 18,000ಕ್ಕೂ ಹೆಚ್ಚು ತಯಾರಾದವು. ನಿಮ್ಮ ತಗಡಿನ ಮೇಲಿನ ಅಂಕಿ ಅವುಗಳಲ್ಲಿ ಸಾವಿರಾರು ವಿಮಾನಗಳಿಗೆ ಸಮಾನ. ವಿಮಾನದ ಚಾಸಿ ನಂಬರ್ ಎಂದರೆ ಅಮೆರಿಕದವರು ಖರೀದಿಯ ವರ್ಷವನ್ನು ಮುಂದಿಟ್ಟು ಕೊಡುತ್ತಿದ್ದ ಸಂಖ್ಯೆ, ಉದಾಹರಣೆಗೆ 44-44052. ಬಾಲದ ಮೇಲೆ ಬರೆಯುವಾಗ ವರ್ಷದ ಮೊದಲ ಅಂಕಿಯನ್ನು ಬಿಟ್ಟು 444052 ಎಂದಷ್ಟೇ ಬರೆಯುತ್ತಿದ್ದರು. ಅದೇ ವಿಮಾನ ಬ್ರಿಟಿಷರ ಕೈಗೆ ಬಂದರೆ ಎರಡು ಅಕ್ಷರ, ಮೂರು ಅಂಕಿಯ ಹೊಸ ಹೆಸರು. ಭಾರತೀಯ ವಾಯುಪಡೆಗೆ ಬಂದರೆ ಎಚ್‌ಇ ಅಕ್ಷರಗಳ ಮುಂದೆ ಮತ್ತೊಂದು. ಒಂದೇ ಜೀವಕ್ಕೆ ಮೂರು ಹೆಸರು. ಈ ಮೂರನ್ನು ಒಂದೇ ದಾರದಲ್ಲಿ ಪೋಣಿಸುವುದೇ ಗುರುತು ಹಿಡಿಯುವ ಕೆಲಸದ ಮುಕ್ಕಾಲು ಪಾಲು.

ಈ ಮೂರನೆಯ ಹೆಸರಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ತಗಡಿನ ವಿಷಯದಲ್ಲಿ ನನಗಿರುವ ಅನುಮಾನದ ಬೇರು ಅಲ್ಲಿದೆ. ಬ್ರಿಟಿಷರು ಲಿಬರೇಟರುಗಳನ್ನು ಅಮೆರಿಕದಿಂದ ಸಾಲ-ಗುತ್ತಿಗೆಯ ಒಪ್ಪಂದದಲ್ಲಿ ಪಡೆದಿದ್ದರು. ಯುದ್ಧ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕು ಇಲ್ಲವೇ ನಾಶಮಾಡಬೇಕು, ತಾವು ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ಅವನ್ನು ಸಾಲಾಗಿ ನಿಲ್ಲಿಸಿ, ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆಗೆ ದೊಡ್ಡ ಬಾಂಬರುಗಳು ಬೇಕಾದಾಗ, ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್‌ನವರು ಆ ಹಾಳು ಸಾಲಿನೊಳಗೆ ಕೈಹಾಕಿ, ಒಂದರ ಭಾಗವನ್ನು ಇನ್ನೊಂದಕ್ಕೆ ಸೇರಿಸಿ, ಹಾರುವಷ್ಟು ಮಟ್ಟಿಗೆ ಅಲ್ಲೇ ಸರಿಪಡಿಸಿದರು. ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದವರಲ್ಲಿ ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಷಿಯವರ ಹೆಸರು ಮೊದಲು ಬರುತ್ತದೆ. ಹೀಗೆ 40ರಷ್ಟು ವಿಮಾನಗಳು ಎದ್ದು ನಿಂತವು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ರಚನೆಯಾಯಿತು. ಆಮೇಲೆ ಸಮುದ್ರ ಕಾವಲಿಗೆ 6ನೇ ಸ್ಕ್ವಾಡ್ರನ್ 1968ರವರೆಗೆ ಇವನ್ನು ಹಾರಿಸಿತು. ಇಷ್ಟೂ ಕಾಲ ಇವುಗಳ ದೊಡ್ಡ ದುರಸ್ತಿಯೆಲ್ಲ ಬೆಂಗಳೂರಿನಲ್ಲಿ.

ಈಗ ನಿಮ್ಮ ಬಚ್ಚಲಿಗೆ ಬರೋಣ. ಆ ತಗಡು 1944ರಲ್ಲಿ ಕೋಲಾರದ ನಿಲ್ದಾಣದಿಂದ ಬಂದಿರಬಹುದು. ಅಷ್ಟೇ ಸಹಜವಾಗಿ, 1950 ಅಥವಾ 60ರ ದಶಕದಲ್ಲಿ ಬೆಂಗಳೂರಿನ ಗುಜರಿಯಿಂದ ಯಾವುದೋ ಗಾಡಿಯಲ್ಲಿ ನಿಮ್ಮೂರಿಗೆ ಬಂದಿರಬಹುದು. ಎರಡನ್ನೂ ಬೇರ್ಪಡಿಸಲು ಒಂದು ಉಪಾಯವಿದೆ. ತಗಡಿನ ಹೊರಮೈಯಲ್ಲಿ ಎಷ್ಟು ಪದರ ಬಣ್ಣವಿದೆ ಎಂದು ಅಂಚಿನಲ್ಲಿ, ಭೂತಗನ್ನಡಿ ಹಿಡಿದು ನೋಡಿ. ಬ್ರಿಟಿಷರ ಬಣ್ಣದ ಮೇಲೆ ಬೇರೊಂದು ಪದರ ಕೂತಿದ್ದರೆ, ಅಥವಾ ಅಮೆರಿಕದ ರಿವಿಟ್ಟುಗಳ ನಡುವೆ ಅಳತೆಯಲ್ಲಿ, ತಲೆಯ ಆಕಾರದಲ್ಲಿ ಹೊಂದದ ರಿವಿಟ್ಟುಗಳು ಕಂಡರೆ, ಅದು ಯುದ್ಧದ ನಂತರವೂ ದುರಸ್ತಿಯಾಗಿ ಹಾರಿದ ವಿಮಾನದ್ದಾಗಿರುವ ಸಂಭವವೇ ಹೆಚ್ಚು. ಮನೆಯಲ್ಲಿ ಹಿರಿಯರಿದ್ದರೆ, ತಗಡು ಬಂದದ್ದು ಯಾವ ಮಗು ಹುಟ್ಟುವ ಮೊದಲು, ಯಾವ ಬರದ ನಂತರ ಎಂದು ಕೇಳಿ. ಇಸವಿ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ.

ಇನ್ನು ಕಾಗದಪತ್ರ. ರಾಯಲ್ ಏರ್ ಫೋರ್ಸ್‌ನ ಪ್ರತಿ ವಿಮಾನಕ್ಕೂ 78ನೇ ನಮೂನೆಯ ಒಂದು ಚಲನವಲನದ ಕಾರ್ಡ್ ಇರುತ್ತಿತ್ತು. ವಿದೇಶಕ್ಕೆ ಹೋದ ವಿಮಾನಗಳ ಕಾರ್ಡು ಅನೇಕ ವೇಳೆ ಬಹಳ ಜಿಪುಣ: 'ಭಾರತ' ಎಂಬ ಒಂದು ಪದ, ಕೊನೆಗೆ ಲೆಕ್ಕದಿಂದ ತೆಗೆದುಹಾಕಿದ ದಿನಾಂಕ, ಅಷ್ಟೇ. ಅಪಘಾತವಾದರೆ 1180ನೇ ನಮೂನೆಯ ಬೇರೊಂದು ಕಾರ್ಡ್. ಇದಕ್ಕಿಂತ ಹೆಚ್ಚು ಮಾತಾಡುವುದು ಆಯಾ ಸ್ಕ್ವಾಡ್ರನ್ ದಿನವಹಿ. ಲಂಡನ್ ಬಳಿಯ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ 'ಏರ್ 27' ಎಂಬ ಸರಣಿಯಲ್ಲಿ ಸ್ಕ್ವಾಡ್ರನ್‌ಗಳ ದಿನವಹಿಗಳಿವೆ, ಅವನ್ನು ಮನೆಯಿಂದಲೇ ಕಂಪ್ಯೂಟರಿನಲ್ಲಿ ತರಿಸಿಕೊಳ್ಳಬಹುದು. ತರಬೇತಿ ಘಟಕಗಳಂಥವಕ್ಕೆ 'ಏರ್ 29' ನೋಡಬೇಕು. ಅಮೆರಿಕದ ಕಡೆಯ ಪ್ರತಿ ವಿಮಾನದ ಕಾರ್ಡುಗಳು ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿರುವ ವಾಯುಪಡೆಯ ಇತಿಹಾಸ ಕೇಂದ್ರದಲ್ಲಿವೆ. ನೀವು ಹುಡುಕುವುದು ಬಿದ್ದುಹೋದ ವಿಮಾನವಾದರೆ ಮದ್ರಾಸ್ ಯುದ್ಧ ಸ್ಮಶಾನವನ್ನೂ ಮರೆಯಬೇಡಿ. ದಕ್ಷಿಣ ಭಾರತದ ಅನೇಕ ಊರುಗಳ ಸಮಾಧಿಗಳನ್ನು ಯುದ್ಧದ ನಂತರ ಅಲ್ಲಿಗೆ ಸಾಗಿಸಲಾಗಿದ್ದು, ಒಂದೇ ದಿನಾಂಕದಲ್ಲಿ ತೀರಿಕೊಂಡ ವೈಮಾನಿಕರ ಕಲ್ಲುಗಳು ಪಕ್ಕಪಕ್ಕ ಕಂಡರೆ ಅದು ಒಂದು ಅಪಘಾತದ ಸುಳಿವಾಗಬಹುದು.

ಕಾಗದವೂ ತಪ್ಪು ಹೇಳುತ್ತದೆ ಎಂಬುದಕ್ಕೆ ಲಿಬರೇಟರುಗಳದೇ ಒಂದು ಉದಾಹರಣೆ ಇದೆ. 1943ರ ಏಪ್ರಿಲ್ 4ರಂದು ಇಟಲಿಯ ನೇಪಲ್ಸ್ ಮೇಲೆ ದಾಳಿಗೆ ಹೋಗಿ ಹಿಂದಿರುಗದ 'ಲೇಡಿ ಬಿ ಗುಡ್' ಎಂಬ ವಿಮಾನ ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದಿರಬೇಕು ಎಂದು ಕಡತ ಮುಚ್ಚಿದ್ದರು. 1958ರಲ್ಲಿ ಎಣ್ಣೆ ಹುಡುಕುತ್ತಿದ್ದವರಿಗೆ ಅದು ಲಿಬಿಯಾದ ಮರುಭೂಮಿಯ ನಡುವೆ, ಸಮುದ್ರದಿಂದ ನೂರಾರು ಮೈಲಿ ಒಳಗೆ ಕಂಡಿತು. ಮರುವರ್ಷ ಹತ್ತಿರ ಹೋಗಿ ನೋಡಿದಾಗ ಸಂಖ್ಯೆ ತಾಳೆಯಾಯಿತು. ಆ ಒಂಬತ್ತು ಜನ ರಾತ್ರಿಯಲ್ಲಿ ತಮ್ಮ ನೆಲೆಯನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದರು ಎಂಬುದು ಆಗಲೇ ತಿಳಿದದ್ದು.

ಮೂರು ಹೆಸರುಗಳ ದಾರ ಪೂರ್ತಿ ಸಿಕ್ಕಿದ ವಿಮಾನವೂ ಇದೆ. ಬ್ರಿಟಿಷರ ಕೆಎನ್ 751 ಯುದ್ಧದ ಕೊನೆಯಲ್ಲಿ 99ನೇ ಸ್ಕ್ವಾಡ್ರನ್‌ನಲ್ಲಿತ್ತು. ಭಾರತೀಯ ವಾಯುಪಡೆಗೆ ಬಂದು ಎಚ್‌ಇ 807 ಆಯಿತು. ನಿವೃತ್ತಿಯ ನಂತರ 1974ರಲ್ಲಿ ಬ್ರಿಟನ್ನಿಗೆ ಹಾರಿಹೋಗಿ ಅಲ್ಲಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯ ಸೇರಿತು. ಯಾರು ಬಿಟ್ಟುಹೋಗಿದ್ದರೋ ಅವರ ಮನೆಗೇ ಮರಳಿತು ಎನ್ನಬೇಕು. ಎಚ್‌ಇ 924 ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿದೆ. ಮೇಲೆ ಉದಾಹರಣೆಗೆ ಕೊಟ್ಟ 44-44052 ಕೂಡ ನಮ್ಮ ವಾಯುಪಡೆಯಲ್ಲಿ ಹಾರಿ, ಅಮೆರಿಕಕ್ಕೆ ಹೋಗಿ, 1989ರಲ್ಲಿ ಮತ್ತೆ ಆಕಾಶಕ್ಕೆ ಏರಿತು.

ನಿಮ್ಮ ತಗಡಿಗೆ ಇಂಥ ದಾರ ಸಿಗಬೇಕಾದರೆ ಇನ್ನೊಂದು ಗುರುತು ಬೇಕು: ಪೆನ್ಸಿಲಿನಲ್ಲೋ ಬಣ್ಣದಲ್ಲೋ ಕೈಯಿಂದ ಬರೆದ ಸಂಖ್ಯೆ. ದುರಸ್ತಿಗೆ ಬಿಚ್ಚಿದ ಭಾಗ ಬೇರೆ ವಿಮಾನಕ್ಕೆ ಹೋಗಬಾರದೆಂದು ಕೆಲಸಗಾರರು ಒಳಮೈಯಲ್ಲಿ ವಿಮಾನದ ಸಂಖ್ಯೆ ಬರೆದುಕೊಳ್ಳುವುದುಂಟು. ಬಚ್ಚಲ ಮಸಿ ಒಂದು ಪದರ ಕೂತಿರುತ್ತದೆ. ಒದ್ದೆಮಾಡಿದ ಹತ್ತಿಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ, ತಿಕ್ಕಬೇಡಿ, ಸಂಜೆಯ ಓರೆಬಿಸಿಲಿನಲ್ಲಿ ಹಿಡಿದು ನೋಡಿ. ಒಂದು 'ಎಚ್‌ಇ' ಕಂಡರೂ ನನಗೆ ಕೂಡಲೇ ಬರೆಯಿರಿ.

ಪ್ರಶ್ನೆ: ನಮ್ಮ ಊರಿನ ಒಂದು ವಿದ್ಯಾಸಂಸ್ಥೆಯ ಅಂಗಳದಲ್ಲಿ ಕಂಬದ ಮೇಲೆ ಹಳೆಯ ಜೆಟ್ ವಿಮಾನವೊಂದಿದೆ. ಬಣ್ಣ ಹೊಡೆದಾಗಲೆಲ್ಲ ಅದರ ಸಂಖ್ಯೆ ಬದಲಾದಂತೆ ಕಾಣುತ್ತದೆ. ಈಗ 'ಯು' ಅಕ್ಷರದ ಮುಂದೆ ಮೂರು ಅಂಕಿಗಳಿವೆ. ನಿಜವಾದ ಸಂಖ್ಯೆಯನ್ನು ಹೇಗೆ ತಿಳಿಯುವುದು?
— ವಿದ್ಯಾರ್ಥಿನಿ, ತುಮಕೂರು

ಉತ್ತರ: ನಿಮ್ಮ ಕಣ್ಣು ಚುರುಕು. ಬಣ್ಣದ ಸಂಖ್ಯೆಯನ್ನು ನಂಬಬೇಡಿ. ಅದನ್ನು ಬರೆದದ್ದು ಬಹುಶಃ ಅಂಗಡಿಯ ಬೋರ್ಡು ಬರೆಯುವ ಕಲಾವಿದರು, ಹಳೆಯದು ಮಾಸಿದ್ದಾಗ 3 ಎಂಬುದು 8 ಆಗಲು ಎಷ್ಟು ಹೊತ್ತು? ಮೇಲೆ ಹೇಳಿದ 44-44052 ಅಮೆರಿಕದಲ್ಲಿ 'ಆಲ್ ಅಮೆರಿಕನ್' ಎಂದೂ, ಆಮೇಲೆ 'ದ ಡ್ರ್ಯಾಗನ್ ಅಂಡ್ ಹಿಸ್ ಟೇಲ್' ಎಂದೂ, ಕೊನೆಗೆ 'ವಿಚ್‌ಕ್ರಾಫ್ಟ್' ಎಂದೂ ಬೇರೆ ಬೇರೆ ವಿಮಾನಗಳ ವೇಷ ತೊಟ್ಟಿದೆ.

ಅಕ್ಷರದಿಂದ ಶುರುಮಾಡಿ. ನಮ್ಮ ವಾಯುಪಡೆಯಲ್ಲಿ ಅಕ್ಷರವೇ ವಿಮಾನದ ಜಾತಿ ಹೇಳುತ್ತದೆ: ಬಿಡಿ ಎಂದರೆ ಮಾರುತ್, ಬಿಎ ಎಂದರೆ ಹಂಟರ್, ಐಇ ಎಂದರೆ ನ್ಯಾಟ್, ಬರಿಯ ಸಿ ಎಂದರೆ ಮಿಗ್-21. ಯು ಎಂಬುದು 1964ರಲ್ಲಿ ಮೊದಲು ಹಾರಿದ, ಬೆಂಗಳೂರಿನದೇ ಆದ ಕಿರಣ್ ತರಬೇತಿ ವಿಮಾನ. ಅದರಲ್ಲಿ ಎರಡು ಆಸನಗಳು ಅಕ್ಕಪಕ್ಕ ಇರುತ್ತವೆ. ನಿಮ್ಮ ಅಂಗಳದ್ದರಲ್ಲಿ ಒಂದೇ ಆಸನವಿದ್ದರೆ ಅಕ್ಷರವೇ ಸುಳ್ಳು ಎಂದಾಯಿತು. ಆಕಾರ ತಾಳೆಯಾದರೆ, ಸಂಸ್ಥೆಯವರ ಅನುಮತಿ ಪಡೆದು, ಕಾಕ್‌ಪಿಟ್ಟಿನ ಒಳಗೆ ಅಥವಾ ಚಕ್ರ ಮಡಚಿಕೊಳ್ಳುವ ಗೂಡಿನಲ್ಲಿ ರಿವಿಟ್ಟು ಹೊಡೆದ ತಯಾರಕರ ಫಲಕವನ್ನೂ, ತಪಾಸಣೆಯ ಸಣ್ಣ ಬಾಗಿಲುಗಳ ಒಳಮೈಯನ್ನೂ ನೋಡಿ. ಅಲ್ಲಿಗೆ ಕುಂಚ ಮುಟ್ಟಿರುವುದಿಲ್ಲ. ಎರಡು ಬಾಗಿಲಲ್ಲಿ ಎರಡು ಬೇರೆ ಸಂಖ್ಯೆ ಸಿಕ್ಕರೆ ಗಾಬರಿಯಾಗಬೇಡಿ; ಪ್ರದರ್ಶನಕ್ಕೆ ಕೊಡುವಾಗ ಒಂದರ ಒಡಲಿಗೆ ಇನ್ನೊಂದರ ರೆಕ್ಕೆ ಸೇರುವುದು ಅಪರೂಪವಲ್ಲ, ಆಗ ಒಡಲಿನ ಸಂಖ್ಯೆಯನ್ನೇ ವಿಮಾನದ ಸಂಖ್ಯೆ ಎಂದು ಹಿಡಿಯಬೇಕು. ಕಾಕ್‌ಪಿಟ್ಟಿನಲ್ಲಿ ಕೂರುವ ಮೊದಲು ಆಸನದ ಸಿಡಿಮದ್ದು ತೆಗೆದಿದೆಯೇ ಎಂದು ಜವಾಬ್ದಾರರಿಂದ ಖಚಿತಪಡಿಸಿಕೊಳ್ಳಿ. ಕಿರಣ್ ವಿಮಾನದ್ದು ಪೈಲಟನನ್ನು ಹೊರಗೆ ಚಿಮ್ಮಿಸುವ ಆಸನ.

ಇದಕ್ಕಿಂತ ಸುಲಭದ ಜಾಗ ಸಂಸ್ಥೆಯ ಕಚೇರಿಯ ಬೀರು. ಕೇಂದ್ರ ಸರ್ಕಾರದ ಆಸ್ತಿ ಬರಿಗೈಯಲ್ಲಿ ಬರುವುದಿಲ್ಲ. ಹಂಚಿಕೆಯ ಪತ್ರವೋ ದಾಸ್ತಾನು ಪುಸ್ತಕದಲ್ಲಿ ಒಂದು ಸಾಲೋ ಇರಲೇಬೇಕು. ಸಿಗದಿದ್ದರೆ ವಾಯುಪಡೆಗೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಅರ್ಜಿ ಹಾಕಿ. ಆದರೆ 'ಈ ವಿಮಾನದ ಸಂಪೂರ್ಣ ಇತಿಹಾಸ ಕೊಡಿ' ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ಫಲಕದ ಸಂಖ್ಯೆ ಬರೆದು, ಸೇವೆಗೆ ಸೇರಿದ ದಿನಾಂಕ, ಕೊನೆಯ ಘಟಕ, ಹಂಚಿಕೆಯ ಆದೇಶ ಎಂಬ ಮೂರನ್ನೇ ಕೇಳಿ.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಬಿಳಿಯರು ನಮ್ಮೂರ ಹಾಳುಬಾವಿಯಲ್ಲಿ ಒಂದು ಇಡೀ ವಿಮಾನ ಹೂತು ಹೋದರು ಎಂಬ ಮಾತಿದೆ. ಊರ ಹುಡುಗರು ಜೆಸಿಬಿ ತರಿಸಲು ಹಣ ಕೂಡಿಸುತ್ತಿದ್ದಾರೆ. ಅಗೆಯಬಹುದೇ?
— ರೈತರು, ಚಿಂತಾಮಣಿ ತಾಲ್ಲೂಕು

ಉತ್ತರ: ಮೊದಲು ಬಾವಿಯ ಬಾಯಿ ಅಳೆಯಿರಿ. ಸಣ್ಣ ಕಾದಾಟದ ವಿಮಾನವಾದ ಸ್ಪಿಟ್‌ಫೈರ್‌ನ ರೆಕ್ಕೆಯೇ 36 ಅಡಿ 10 ಅಂಗುಲ. ಇಡೀ ವಿಮಾನ ಎಂಬುದನ್ನು ಬಿಟ್ಟುಬಿಡಿ. ಮುರಿದ ತುಂಡುಗಳನ್ನು ಬಾವಿಗೆ ತುಂಬಿದ್ದರು ಎಂದರೆ ನಂಬಬಹುದು.

ಬರ್ಮಾದಲ್ಲಿ ಇಂಥದೇ ಮಾತು ಹುಟ್ಟಿತ್ತು. ರಂಗೂನಿನ ಮಿಂಗಲಡೋನ್ ನಿಲ್ದಾಣದ ನೆಲದಡಿ ಪೆಟ್ಟಿಗೆಗಳಲ್ಲಿ ಹೊಚ್ಚಹೊಸ ಸ್ಪಿಟ್‌ಫೈರ್‌ಗಳನ್ನು ಹೂತಿದ್ದಾರೆ ಎಂದು ಡೇವಿಡ್ ಕಂಡಾಲ್ ಎಂಬ ಬ್ರಿಟಿಷ್ ರೈತರೊಬ್ಬರು ವರ್ಷಗಟ್ಟಲೆ ಹುಡುಕಿದರು. ಮುದುಕ ಸೈನಿಕರ ಸಾಕ್ಷ್ಯವಿತ್ತು, ನೆಲದೊಳಗೆ ಏನೋ ಇದೆ ಎಂದು ಯಂತ್ರಗಳೂ ಹೇಳಿದ್ದವು, ಒಂದು ಕಂಪನಿ ಹಣ ಹಾಕಿತು. 2013ರಲ್ಲಿ ಅಗೆದಾಗ ಒಂದು ವಿಮಾನವೂ ಸಿಗಲಿಲ್ಲ. ಸಾಕ್ಷಿ ಹೇಳಿದವರು ಸುಳ್ಳರು ಎಂದು ನನಗೆ ಅನಿಸುವುದಿಲ್ಲ. ಪೆಟ್ಟಿಗೆ ಕಂಡವರ ನೆನಪಿನಲ್ಲಿ ಅರವತ್ತು ವರ್ಷಗಳಲ್ಲಿ ಪೆಟ್ಟಿಗೆಯೊಳಗೆ ವಿಮಾನ ಬೆಳೆದಿರಬೇಕು.

ಹಾಗಾಗಿ ಜೆಸಿಬಿಗೆ ಮೊದಲು ನೋಟ್‌ಬುಕ್ ತನ್ನಿ. ಹಿರಿಯರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿ, ಅರಳಿಕಟ್ಟೆಯಲ್ಲಿ ಒಟ್ಟಿಗೆ ಕೂರಿಸಿದರೆ ಐದು ಜನರ ಐದು ಕಥೆ ಒಂದೇ ಕಥೆಯಾಗಿಬಿಡುತ್ತದೆ. ತಾವೇ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಬೇರೆ ಬರೆದಿಡಿ. ತಾಲ್ಲೂಕು ಕಚೇರಿಯ ಹಳೆಯ ಭೂದಾಖಲೆಯಲ್ಲಿ ಯುದ್ಧಕಾಲದಲ್ಲಿ ಸೇನೆಗೆ ಜಮೀನು ಬಿಟ್ಟುಕೊಟ್ಟ ಉಲ್ಲೇಖ ಇದೆಯೇ ನೋಡಿ. ಸೇನೆಯ ಕಸ ಎಂದರೆ ಅದರಲ್ಲಿ ಗುಂಡು, ಮದ್ದು ಇರಬಹುದು. ಬಾವಿಯಲ್ಲಿ ಅಂಥದ್ದೇನಾದರೂ ಕಂಡರೆ ಮುಟ್ಟದೆ 112ಕ್ಕೆ ಕರೆಮಾಡಿ. ನಾನೇ ಒಮ್ಮೆ ಬಂಗಾರಪೇಟೆ ಕಡೆಯ ಹಟ್ಟಿಯಲ್ಲಿ ದನಕ್ಕೆ ಕಲಗಚ್ಚು ಇಡುವ ಉದ್ದನೆಯ ಬಾನಿಯನ್ನು ಬಾಂಬಿನ ಕವಚವೆಂದು ಹೆದರಿ ಹಿಂದೆ ಸರಿದಿದ್ದೆ. ಅದು ಜೆಟ್ ವಿಮಾನ ರೆಕ್ಕೆಯಡಿ ಹೊತ್ತೊಯ್ಯುವ ಹೆಚ್ಚುವರಿ ಇಂಧನದ ತೊಟ್ಟಿಯ ಅರ್ಧಭಾಗ ಎಂದು ಮುಚ್ಚಳದ ಗುರುತು ನೋಡಿದ ಮೇಲೆ ತಿಳಿಯಿತು. ಮನೆಯವರು ಇಂದಿಗೂ ಆ ಮಾತು ಎತ್ತಿ ನಗುತ್ತಾರೆ.

ಪ್ರಶ್ನೆ: ಗುಜರಿಯಲ್ಲಿ ಗಡಿಯಾರದಂಥ ಒಂದು ಉಪಕರಣ ಕೊಂಡೆ. ಹಿಂಬದಿಯಲ್ಲಿ ಕಿರೀಟ, 'ಎಎಂ' ಅಕ್ಷರಗಳು, '6ಎ' ಎಂದು ಶುರುವಾಗುವ ಸಂಖ್ಯೆ ಇವೆ. ಕತ್ತಲಲ್ಲಿ ಹೊಳೆಯಬೇಕಾದ ಮುಳ್ಳು ಹೊಳೆಯುತ್ತಿಲ್ಲ. ಬಿಚ್ಚಿ ಸರಿಪಡಿಸಬಹುದೇ?
— ಗಡಿಯಾರ ರಿಪೇರಿ ಮಾಡುವವರು, ಮುಳಬಾಗಿಲು

ಉತ್ತರ: ಖಂಡಿತ ಬಿಚ್ಚಬೇಡಿ. ಕಿರೀಟದೊಡನೆ ಎಎಂ ಎಂದರೆ ಬ್ರಿಟನ್ನಿನ ವಾಯು ಸಚಿವಾಲಯದ ಮುದ್ರೆ, 6ಎ ಎಂಬುದು ಅವರ ಉಗ್ರಾಣದ ಲೆಕ್ಕದಲ್ಲಿ ಹಾರಾಟದ ಉಪಕರಣಗಳ ವಿಭಾಗ. ಒಂದೇ ಉಪಕರಣವನ್ನು ಹತ್ತಾರು ಬಗೆಯ ವಿಮಾನಗಳಲ್ಲಿ ಕೂರಿಸುತ್ತಿದ್ದುದರಿಂದ ವಿಮಾನದ ಗುರುತು ಇದರಿಂದ ಸಿಗುವುದಿಲ್ಲ. ಆ ಮುಳ್ಳಿಗೆ ಬಳಿದಿದ್ದು ರೇಡಿಯಂ ಬೆರೆತ ಬಣ್ಣವಿರುವ ಸಂಭವ ಹೆಚ್ಚು. ಹೊಳಪು ನಿಂತದ್ದು ಅದರಲ್ಲಿ ಬೆರೆಸಿದ ಸತುವಿನ ಸಲ್ಫೈಡ್ ಪುಡಿ ಸವೆದದ್ದರಿಂದ; ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು, ಈ ಎಂಬತ್ತು ವರ್ಷಗಳಲ್ಲಿ ನೂರಕ್ಕೆ ನಾಲ್ಕು ಪಾಲೂ ಕಡಿಮೆಯಾಗಿಲ್ಲ. ಗಾಜು ಗಟ್ಟಿಯಾಗಿದ್ದರೆ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಡಬ್ಬಿಯಲ್ಲಿ ಹಾಕಿ, ಮಕ್ಕಳು ಮಲಗುವ ಕೋಣೆಯಿಂದ ದೂರವಿಡಿ. ಗಾಜು ಬಿರಿದಿದ್ದರೆ ಅಂಗಡಿಯ ಮೇಜಿನಿಂದ ಇವತ್ತೇ ತೆಗೆದು ಹಾಗೆಯೇ ಕಟ್ಟಿಟ್ಟು, ಕೈ ತೊಳೆದುಕೊಂಡು, ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಏನು ಮಾಡಬೇಕೆಂದು ಕೇಳಿ. ಗಡಿಯಾರದವರಿಗೆ ಸಣ್ಣ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುವ ಅಭ್ಯಾಸ ಇರುತ್ತದೆ. ಆ ಉಪಕರಣದ ಬಳಿ ಇಟ್ಟಿದ್ದ ಕುಂಚಗಳನ್ನೂ ಅದೇ ಚೀಲಕ್ಕೆ ಹಾಕಿಬಿಡಿ.